ಬೆಳಕು ಬೀಳಬೇಕಾದ ಎಡೆ

ಅಹಿಂಸಾವ್ರತವನ್ನು ದೃಢಗೊಳಿಸುವ ಐದು ಭಾವನೆಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ಕೊನೆಯದು ಆಲೋಕಿತಪಾನಭೋಜನ. ಎಂದರೆ, ಉಣ್ಣುವುದನ್ನೂ ಕುಡಿಯುವುದನ್ನೂ ಬೆಳಕಿನಲ್ಲಿ ಕಣ್ಣಾರೆ ನೋಡಿ ಸ್ವೀಕರಿಸುವುದು. ಇದು ಉಣ್ಣುವವರಿಗೆ ಹೇಳಿದ ಮಾತೆಂದು ತಿಳಿಯುವುದೇ ರೂಢಿ. ಅಡುವವರಿಗೂ ಅದು ಸಲ್ಲುತ್ತದೆಂಬುದನ್ನು ಕಾರ್ಕಳ ಸೀಮೆಯ ಹಳೆಯ ಹೆಂಚಿನ ಮನೆಯೊಂದು ಕಹಿ ಪ್ರಸಂಗವೊಂದರಿಂದ ಕಲಿತುಕೊಂಡಿತು.

ಆ ವರ್ಷ ಊರಿನಲ್ಲಿ ಮುನಿಗಳ ಚಾತುರ್ಮಾಸ. ಮನೆಯ ಹಿರಿಯಮ್ಮನಿಗೆ ಎಪ್ಪತ್ತರ ಹತ್ತಿರದ ಪ್ರಾಯ. ಮಡಿಯುಟ್ಟು, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ತಾವೇ ಅಡುಗೆ ಮಾಡಿ ಆಹಾರದಾನಕ್ಕೆ ನಿಲ್ಲುವುದು ಅವರ ಬಾಳಿನ ಹಿರಿಯ ಸಂತೋಷ. ಶ್ರಾವಣದ ಮಳೆಗೆ ಹಗಲೇ ಕತ್ತಲಾಗಿದ್ದ ಒಂದು ದಿನ, ಎರಡು ಮೂರು ತುತ್ತಾಗುವಷ್ಟರಲ್ಲಿ ಮುನಿಗಳ ಅಂಗೈಯ ಅನ್ನದಲ್ಲಿ ಸತ್ತ ಇರುವೆಯೊಂದು ಕಂಡಿತು. ಅಂತರಾಯವಾಯಿತು. ಮುನಿಗಳು ಶಾಂತರಾಗಿ ಆಹಾರ ಮುಗಿಸಿ ಹೊರಟುಹೋದರು. ದಿನಕ್ಕೊಂದೇ ಸಲದ ಆಹಾರ. ಇನ್ನು ಮರುದಿನದವರೆಗೆ ನೀರೂ ಇಲ್ಲ. ಯಾರೂ ಒಂದು ಮಾತು ಆಡಲಿಲ್ಲ. ಆದರೆ ಹಿರಿಯಮ್ಮ, "ನನ್ನ ಕರ್ಮ" ಎಂದು ಸೌಟನ್ನು ಸೊಸೆಯ ಕೈಗಿತ್ತು ಅಡುಗೆಮನೆಯಿಂದ ಹೊರಬಂದರು. ಮತ್ತೆ ಒಳಗೆ ಕಾಲಿಡಲಿಲ್ಲ.

ಅವರು ನಿಂತಿದ್ದ ಜಾಗದಲ್ಲಿ ನಿಂತು ನೋಡಿದಾಗ ಸೊಸೆಗೆ ಸಂಗತಿ ಹೊಳೆಯಿತು. ಒಲೆಯ ಹೊಗೆಗೆ ಗೋಡೆ, ಮಾಡುಗಳೆಲ್ಲ ಕಪ್ಪಾಗಿದ್ದವು. ಕೋಣೆಯ ನಡುವೆ ಒಂದೇ ಬಲ್ಬು. ಅಡುಗೆಕಟ್ಟೆ ಗೋಡೆಯ ಬದಿಗೆ. ಕಟ್ಟೆಯ ಮುಂದೆ ನಿಂತವರಿಗೆ ಬಲ್ಬು ಬೆನ್ನ ಹಿಂದೆ. ಅವರ ನೆರಳೇ ಮೊರದ ಅಕ್ಕಿಯ ಮೇಲೆ. ಪ್ರಾಯವಾದಂತೆ ಕಣ್ಣಿನ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿಗೆ ಒಳಸೇರುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರ ಕಣ್ಣಿಗೆ ದಕ್ಕುತ್ತದೆ.

"ಅತ್ತೆ, ಅಲ್ಲಿ ನಿಂತರೆ ನನಗೂ ಇರುವೆ ಕಾಣುವುದಿಲ್ಲ. ಕರ್ಮ ಅಂತರಂಗದ ಕಾರಣವಾಗಿರಬಹುದು. ಹೊರಗಿನ ನಿಮಿತ್ತವನ್ನು ನಾವು ಸರಿಪಡಿಸಬಹುದಲ್ಲವೆ?" ಎಂದಳು ಸೊಸೆ.

ಹಿರಿಯಮ್ಮ ಉತ್ತರ ಕೊಡಲಿಲ್ಲ, ಬೇಡವೆನ್ನಲೂ ಇಲ್ಲ.

ಮೊದಲು ಗೋಡೆಗೆ ಸುಣ್ಣ ಬಳಿದು, ಕಟ್ಟೆಯ ಮೇಲ್ಭಾಗದ ಮಾಡಿನಲ್ಲಿ ಎರಡು ಗಾಜಿನ ಹೆಂಚು ಕೂಡಿಸಿದರು. ಮರದ ಪಟ್ಟಿಯ ಮೇಲಿನ ಹಳೆಯ ತಂತಿಗಳ ರಬ್ಬರು ಒಣಗಿ ಬಿರಿದಿತ್ತು. ಅದನ್ನು ತೆಗೆಸಿ, ಭೂಸಂಪರ್ಕವುಳ್ಳ ಹೊಸ ತಂತಿ ಎಳೆಸಿದರು. ದೀಪದ ವಿಷಯದಲ್ಲಿ ಮಗ, ಕಣ್ಣು ಕೋರೈಸುವ ಬಿಳಿಯ ದೀಪ ತರೋಣವೆಂದ. ಕೀಟಗಳನ್ನು ಹೆಚ್ಚಾಗಿ ಸೆಳೆಯುವುದು ಅತಿನೇರಳೆ ಮತ್ತು ನೀಲಿ ಕಿರಣಗಳು. ಹಳದಿ ಛಾಯೆಯ ದೀಪಕ್ಕೆ ಅವು ಕಡಿಮೆ ಮುತ್ತುತ್ತವೆ. ಆದುದರಿಂದ 2700 ಕೆಲ್ವಿನ್ ಎಂದು ನಮೂದಿಸಿದ, 9 ವಾಟಿನ ಎಲ್‌ಇಡಿ ದೀಪವನ್ನು ಆರಿಸಿದರು. ಹಿಂದಿನ 60 ವಾಟಿನ ಬಲ್ಬಿನಷ್ಟೇ ಬೆಳಕು ಅದರದು. ಆದರೆ ಈ ಸಲ ಅದನ್ನು ಕೋಣೆಯ ನಡುವೆ ಹಾಕಲಿಲ್ಲ. ಕಟ್ಟೆಯ ಮೇಲೆ, ನಿಂತವರ ಮುಂಭಾಗದಲ್ಲಿ, ಕಣ್ಣಿಗೆ ಹೊಡೆಯದಂತೆ ಮರೆ ಕಟ್ಟಿ, ಬೆಳಕು ಕೈಗಳ ಮೇಲೆ ಬೀಳುವಂತೆ ಇಟ್ಟರು. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿದರು.

"ಇನ್ನು ರಾತ್ರಿ ಊಟಕ್ಕೂ ಅಡ್ಡಿಯಿಲ್ಲ, ಎಲ್ಲ ಕಾಣುತ್ತದೆ" ಎಂದು ಮಗ ನಗೆಯಾಡಿದ.

ಹಿರಿಯಮ್ಮ ಅಷ್ಟು ದಿನಗಳ ಬಳಿಕ ಬಾಯಿ ತೆರೆದರು. "ಹಗಲಿನ ಮಬ್ಬು ಕಳೆಯಲು ದೀಪ ತಂದದ್ದು, ಮಗಾ. ರಾತ್ರಿಯನ್ನು ಹಗಲು ಮಾಡುವುದಕ್ಕಲ್ಲ." ದೀಪ ಹಚ್ಚಿಕೊಂಡು ಉಂಡರೂ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರಿಸಿರುವುದೂ ಇದನ್ನೇ. ಸೂರ್ಯಾಸ್ತಕ್ಕೆ ಮುನ್ನ ಆ ದೀಪ ಆರಬೇಕೆಂಬುದು ಮನೆಯ ನಿಯಮವಾಯಿತು.

ಮರುದಿನ ಬೆಳಿಗ್ಗೆ ಹಿರಿಯಮ್ಮ ಮೊರವನ್ನು ಹಿಡಿದು ಕಟ್ಟೆಯ ಮುಂದೆ ನಿಂತರು. ಗೋಡೆಯ ಬಿರುಕಿನಿಂದ ಹೊರಟ ಇರುವೆಗಳ ಸಾಲೊಂದು ಅಕ್ಕಿಯ ಡಬ್ಬದವರೆಗೆ ಹರಿದಿತ್ತು. ಎಷ್ಟು ವರ್ಷಗಳಿಂದ ಹಾಗೆ ಹರಿಯುತ್ತಿತ್ತೋ! ಅವರು ಡಬ್ಬವನ್ನು ಮೆಲ್ಲನೆ ಬೇರೆಡೆಗಿಟ್ಟು, ಸಾಲು ತಾನಾಗಿ ಚದುರುವವರೆಗೆ ಕಾದರು. ಅಂದು ಅಡುಗೆ ತಡವಾಯಿತು. ಕಾರ್ತಿಕದಲ್ಲಿ ಮುನಿಗಳು ವಿಹಾರ ಹೊರಡುವ ಮುನ್ನ, ಅವರು ಮತ್ತೊಮ್ಮೆ ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಪ್ರಮಾದವೇ ಹಿಂಸೆಯ ಮೂಲವೆಂದು ಶಾಸ್ತ್ರ ಹೇಳುತ್ತದೆ. ಆದ ತಪ್ಪಿಗೆ ಕೊರಗುತ್ತ ಕತ್ತಲೆಯನ್ನು ಹಾಗೆಯೇ ಉಳಿಸಿಕೊಳ್ಳುವುದೂ ಒಂದು ಪ್ರಮಾದವೇ. ಪಶ್ಚಾತ್ತಾಪವು ಯತ್ನಾಚಾರವಾಗಿ ಮಾರ್ಪಟ್ಟಾಗ ಮಾತ್ರ ಅದಕ್ಕೆ ಸಾರ್ಥಕತೆ.