ಕಬಕದಿಂದ ಬಾಲವನಕ್ಕೆ

ಮಂಗಳೂರು ಕಡೆಯಿಂದ ಪುತ್ತೂರಿಗೆ ಬರುವಾಗ, ಮಾಣಿ ದಾಟಿದ ಮೇಲೆ ಸಿಗುವ ಸಣ್ಣ ಪೇಟೆ ನಮ್ಮ ಕಬಕ. ವಿಟ್ಲದ ರಸ್ತೆ ಹೆದ್ದಾರಿಗೆ ಕೂಡುವುದು ಇಲ್ಲೇ. ರೈಲಿನಲ್ಲಿ ಬಂದವರಿಗೆ ಮಾತ್ರ ಒಂದು ಗೊಂದಲ. ನಿಲ್ದಾಣದ ಹೆಸರು ‘ಕಬಕ ಪುತ್ತೂರು’, ಇರುವುದು ಪುತ್ತೂರಿನಲ್ಲಿ! ಕಳೆದ ರಜೆಯಲ್ಲಿ ಬಂದಿದ್ದ ಮೊಮ್ಮಗ ಕೇಳಿಯೇ ಬಿಟ್ಟ: “ಅಜ್ಜಾ, ನಿಮ್ಮ ಊರು ಇಲ್ಲಿಂದ ಇನ್ನೂ ನಾಲ್ಕೈದು ಕಿಲೋಮೀಟರ್ ಆಚೆ ಇದೆಯಲ್ಲಾ?” ಆಂಧ್ರದಲ್ಲೂ ಒಂದು ಪುತ್ತೂರು ನಿಲ್ದಾಣವಿದೆ ಮಗಾ, ಕಬಕದ ಹೆಸರು ಸೇರಿದ್ದರಿಂದ ನಮ್ಮದು ಬೇರೆಯೆಂದು ಗೊತ್ತಾಗುತ್ತದೆ ಎಂದೆ. ನಮ್ಮ ಊರಿಗೆ ಅಷ್ಟಾದರೂ ಕೀರ್ತಿ!

ಮರುದಿನ ಅವನನ್ನು ಪುತ್ತೂರಿನ ಪರ್ಲಡ್ಕದಲ್ಲಿರುವ ಬಾಲವನಕ್ಕೆ ಕರೆದುಕೊಂಡು ಹೋದೆ. ಡಾ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ, ಬರೆದ ಜಾಗ ಅದು. ಮಕ್ಕಳಿಗಾಗಿ ಹೊಸ ರೀತಿಯ ಕಲಿಕೆಯನ್ನು ಅವರು ಪ್ರಯೋಗಿಸಿದ್ದೂ ಅಲ್ಲೇ. ಮೂಕಿ ಚಿತ್ರಗಳ ಕಾಲದಲ್ಲಿ, 1930ರ ಆಸುಪಾಸಿನಲ್ಲಿ, ಕಾರಂತರು ಸಿನೆಮಾ ತೆಗೆಯುವುದಕ್ಕೂ ಕೈಹಾಕಿದ್ದರು ಎಂದಾಗ ಮೊಮ್ಮಗನ ಕಣ್ಣು ದೊಡ್ಡದಾಯಿತು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದದ್ದೇ 1934ರಲ್ಲಿ!

ನೆರಳಿನಲ್ಲಿ ಕುಳಿತು ನಮ್ಮ ಕಾಲದ ಸಿನೆಮಾದ ಕಥೆ ಹೇಳಿದೆ. ಮಳೆಗಾಲ ಮುಗಿದ ಮೇಲೆ ಡೇರೆ ಟಾಕೀಸು ಬರುತ್ತಿತ್ತು. ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದು ಇನ್ನೊಂದನ್ನು ಹಾಕುವವರೆಗೆ ನೆಲಗಡಲೆ ತಿನ್ನುತ್ತಾ ಕಾಯಬೇಕು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಜಕುಮಾರರು ಸ್ಮಶಾನದಲ್ಲಿ ನಿಂತಾಗ ಡೇರೆಯಲ್ಲಿ ಅಳದವರಿಲ್ಲ. ನರಸಿಂಹರಾಜು ತೆರೆಗೆ ಬಂದರೆ ಸಾಕು, ಮಾತಿಗೆ ಮೊದಲೇ ನಗು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತನ್ನು ತಪ್ಪದೆ ಹೇಳುತ್ತಿದ್ದರು. ಲೀಲಾವತಿ ಹುಟ್ಟಿದ್ದು ನಮ್ಮ ಪಕ್ಕದ ಬೆಳ್ತಂಗಡಿಯಲ್ಲಿ ಎಂದು ನಮಗೆಲ್ಲ ಹೆಮ್ಮೆ.

“ನಿಮಗೆ ಎಲ್ಲದಕ್ಕಿಂತ ಇಷ್ಟವಾದ ಸಿನೆಮಾ ಯಾವುದು ಅಜ್ಜಾ?”

ಇಷ್ಟವೋ ಏನೋ, ಮರೆಯಲಾಗದ್ದು ‘ಚೋಮನ ದುಡಿ’. ಕಾರಂತರ ಕಾದಂಬರಿ ಅದು. 1975ರಲ್ಲಿ ಸಿನೆಮಾ ಮಾಡಿದವರು ಬಿ.ವಿ. ಕಾರಂತರು. ಅವರ ಊರು ಬಂಟ್ವಾಳ ತಾಲೂಕಿನ ಮಂಚಿ, ನಮಗೇನೂ ದೂರವಲ್ಲ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದವರು. ಚೋಮನಾದದ್ದು ಎಂ.ವಿ. ವಾಸುದೇವ ರಾವ್, ಅದುವರೆಗೆ ಸಣ್ಣಪುಟ್ಟ ಪಾತ್ರಗಳಲ್ಲಿ ಬಂದು ಹೋಗುತ್ತಿದ್ದ ನಟ. ಆ ವರ್ಷ ದೇಶದ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ, ಸ್ವರ್ಣ ಕಮಲ ಚಿತ್ರಕ್ಕೆ. ಚೋಮನ ಬಳಿ ಎರಡು ಎತ್ತುಗಳಿವೆ, ಉಳಲು ಗದ್ದೆಯಿಲ್ಲ. ಅವನ ಜಾತಿಯವರು ಸ್ವಂತ ಬೇಸಾಯ ಮಾಡಕೂಡದೆಂಬ ಕಟ್ಟು. ಸಂಕಟವಾದಾಗ ದುಡಿ ಬಾರಿಸುತ್ತಾನೆ. ಅಷ್ಟೇ ಅವನ ಕೈಯಲ್ಲಿರುವುದು.

ಆಗ ನಾನು ಬ್ಯಾಂಕಿಗೆ ಸೇರಿದ ಹೊಸತು. ಪುತ್ತೂರಿನಲ್ಲಿ ರಾತ್ರಿಯ ಆಟಕ್ಕೆ ಹೋಗಿದ್ದೆ. ಹೊರಗೆ ಬಂದಾಗ ನಮ್ಮ ಗದ್ದೆ ಉಳುತ್ತಿದ್ದವರು ನಿಂತಿದ್ದರು. ಅವರೂ ಅದೇ ಸಿನೆಮಾಕ್ಕೆ ಬಂದಿದ್ದರು. ಬಸ್ಸಿಲ್ಲ. ಇಬ್ಬರೂ ಕಬಕದವರೆಗೆ ನಡೆದೆವು. ಅವರು ನನಗಿಂತ ಮೂವತ್ತು ವರ್ಷ ದೊಡ್ಡವರು. ಆದರೂ ನಾನು ಅವರನ್ನು ‘ನೀನು’ ಎನ್ನುತ್ತಿದ್ದೆ, ಅವರು ನನ್ನನ್ನು ‘ಧಣಿ’ ಎನ್ನುತ್ತಿದ್ದರು. ರಸ್ತೆಯಲ್ಲೂ ನಾಲ್ಕು ಹೆಜ್ಜೆ ಹಿಂದೆಯೇ ಬಂದರು. ಬಹಳ ಹೊತ್ತು ಸುಮ್ಮನಿದ್ದವರು ತುಳುವಿನಲ್ಲಿ ಒಂದು ಮಾತು ಹೇಳಿದರು: “ಒಂದು ದಿನ ಧಣಿ, ಒಂದೇ ದಿನ ಅವನಿಗೆ ಆ ಎತ್ತು ಕಟ್ಟಿ ಉಳಲು ಬಿಡಬೇಕಿತ್ತು.” ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕೆಲಸಕ್ಕೆ ಬಂದರು. ಎಂದಿನಂತೆ ಅಂಗಳದಾಚೆ ಕುಳಿತರು. ಅಮ್ಮ ಎಂದಿನಂತೆ ಅವರ ಗೆರಟೆಗೆ ಮೇಲಿನಿಂದ ಕಾಫಿ ಸುರಿದರು. ನಾನು ಜಗಲಿಯಲ್ಲಿ ಕುಳಿತು ಲೋಟದಲ್ಲಿ ಕುಡಿಯುತ್ತಿದ್ದೆ.

“ನೀವು ಏನು ಹೇಳಿದಿರಿ ಅಜ್ಜಾ?”

ಏನೂ ಹೇಳಲಿಲ್ಲ. ಸಿನೆಮಾ ನೋಡಿ ಅತ್ತಿದ್ದೆ ಮಾತ್ರ. ಬಾಯಿ ಬಿಟ್ಟದ್ದು ಮುಂದಿನ ವರ್ಷ. “ಅಮ್ಮಾ, ಅವರಿಗೂ ಲೋಟದಲ್ಲೇ ಕೊಡುವ” ಎಂದೆ. ದೊಡ್ಡ ರಂಪವಾದೀತೆಂದು ಹೆದರಿದ್ದೆ. ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು, ಒಳಗೆ ಹೋಗಿ ಸ್ಟೀಲಿನ ಲೋಟ ತಂದರು. ಅಷ್ಟೇ. ಇಷ್ಟು ಚಿಕ್ಕ ಮಾತಿಗೆ ನಾನು ಒಂದು ವರ್ಷ ತೆಗೆದುಕೊಂಡಿದ್ದೆ. ಅವರೇನೂ ಹೇಳಲಿಲ್ಲ. ಕುಡಿದ ಮೇಲೆ ಲೋಟವನ್ನು ಎಷ್ಟೋ ಹೊತ್ತು ತೊಳೆಯುತ್ತಾ ಕುಳಿತಿದ್ದರು.

ಮೊಮ್ಮಗ ಬಾಲವನದಿಂದ ಬಸ್‌ಸ್ಟ್ಯಾಂಡಿನವರೆಗೆ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ “ಆ ಸಿನೆಮಾ ಹಾಕಿ ಅಜ್ಜಾ” ಎಂದ. ಕಪ್ಪು ಬಿಳುಪಿನ ಚಿತ್ರ, ನಿಧಾನದ ಕಥೆ, ಎದ್ದು ಹೋಗುತ್ತಾನೆಂದುಕೊಂಡಿದ್ದೆ. ಕೊನೆಯವರೆಗೂ ಕುಳಿತ.

ಮಕ್ಕಳೇ, ಹಳೆಯ ಸಿನೆಮಾವನ್ನು ಒಬ್ಬರೇ ನೋಡಬೇಡಿ. ಅಜ್ಜ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮುಗಿದ ಮೇಲೆ, ಆಗ ನಮ್ಮ ಮನೆಯಲ್ಲಿ ಹೇಗಿತ್ತು ಎಂದು ಕೇಳಿ. ಅಜ್ಜಂದಿರೇ, ಅಜ್ಜಿಯರೇ, ಅವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.