ಜಿಂಕೆಗಣ್ಣಿನ ನಾಡಿನಲ್ಲಿ ಶೇಂಗಾ ಉಂಡಿ

ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್. ಸೈಯೊಟೊ ಮತ್ತು ಒಲೆಂಟ್ಯಾಂಜಿ ಎಂಬ ಎರಡು ನದಿಗಳು ಕೂಡುವೆಡೆಯಲ್ಲಿ ಬೆಳೆದ ನಗರವಿದು. ಸಂಗಮವೆಂದೊಡನೆ ಕೃಷ್ಣಾ-ಮಲಪ್ರಭೆಯರು ಕೂಡುವ ಪುಣ್ಯಭೂಮಿ ನಮ್ಮವರ ಕಣ್ಣಮುಂದೆ ಬಂದು ನಿಲ್ಲುವುದು ಸಹಜ. ಆದರೆ ೨೦೨೩ರ ಡಿಸೆಂಬರಿನಲ್ಲಿ ಮಗನ ಮನೆಗೆಂದು ನಾನು ಅಲ್ಲಿಗೆ ಹೋದಾಗ ನದಿಯ ದಂಡೆಯ ಮರಗಳೆಲ್ಲ ಎಲೆಯುದುರಿಸಿ ಬರಿಗೊಂಬೆಗಳಾಗಿ ನಿಂತಿದ್ದವು. ಮಧ್ಯಾಹ್ನದ ಐದು ಗಂಟೆ ದಾಟುತ್ತಲೇ ಕತ್ತಲು. ಮನೆಮನೆಯ ಮುಂದೆ ಕ್ರಿಸ್‌ಮಸ್ಸಿನ ದೀಪಮಾಲೆ. ಹೊರಗೆ ಕಾಲಿಡಲಾಗದ ಚಳಿಯಾದುದರಿಂದ ನನ್ನ ದೇಶಾಟನೆಯ ಬಹುಭಾಗ ಸೊಸೆಯ ಅಡಿಗೆಮನೆಯಲ್ಲಿಯೇ ನಡೆಯಿತು. ಒಂದು ನಾಡನ್ನು ಅರಿಯಲು ಅಡಿಗೆಮನೆಯೂ ಉತ್ತಮವಾದ ಬಾಗಿಲೇ ಎಂಬುದನ್ನು ಅಲ್ಲಿ ಕಂಡುಕೊಂಡೆನು.

ಒಹಾಯೊ ರಾಜ್ಯಕ್ಕೆ ‘ಬಕ್‌ಐ’ ರಾಜ್ಯವೆಂದು ಅಡ್ಡಹೆಸರುಂಟು. ಗಂಡುಜಿಂಕೆಯ ಕಣ್ಣು ಎಂಬುದು ಆ ಮಾತಿನ ಅರ್ಥ. ಇದು ಒಂದು ಮರದ ಹೆಸರು. ಒಂದೇ ತೊಟ್ಟಿನಲ್ಲಿ ಬೆರಳುಗಳಂತೆ ಹರಡಿದ ಐದು ಎಲೆಗಳು ಅದರ ಗುರುತು. ಶರತ್ಕಾಲದಲ್ಲಿ ಕಾಯಿ ಬಿರಿದು, ಎಣ್ಣೆ ಸವರಿದಂತೆ ಹೊಳೆಯುವ ಕಡುಕಂದು ಬೀಜ ಹೊರಬೀಳುತ್ತದೆ. ಬೀಜದ ಒಂದು ಮಗ್ಗುಲಲ್ಲಿ ತಿಳಿವರ್ಣದ ದುಂಡು ಮಚ್ಚೆ. ಅಂಗೈಯಲ್ಲಿಟ್ಟು ನೋಡಿದರೆ ಜಿಂಕೆಯೊಂದು ನಮ್ಮನ್ನೇ ದಿಟ್ಟಿಸುತ್ತಿರುವಂತೆ ತೋರುತ್ತದೆ. ೧೮೪೦ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಎಂಬವರು ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಅವರ ಬೆಂಬಲಿಗರು ಈ ಮರದ ಊರುಗೋಲುಗಳನ್ನು ಹಿಡಿದು ಮೆರವಣಿಗೆ ನಡೆಸಿದ್ದುಂಟು. ೧೯೫೩ರಲ್ಲಿ ಇದು ಒಹಾಯೊದ ರಾಜ್ಯವೃಕ್ಷವೆಂದು ಘೋಷಿತವಾಯಿತು. ಈ ಬೀಜವೊಂದು ಕಿಸೆಯಲ್ಲಿದ್ದರೆ ಶುಭವೆಂದು ಇಂದಿಗೂ ನಂಬುವವರಿದ್ದಾರೆ. ಆದರೆ ನೋಟಕ್ಕೆ ಇಷ್ಟು ಚೆಲುವಾದ ಆ ಬೀಜವನ್ನು ಹಸಿಯಾಗಿ ತಿಂದರೆ ವಿಷ.

ತಿನ್ನಲಾಗದ ಬೀಜದ ರೂಪವನ್ನು ಆ ನಾಡಿನ ಗೃಹಿಣಿಯರು ತಿನ್ನಬಹುದಾದ ಸಿಹಿಗೆ ಕೊಟ್ಟಿದ್ದಾರೆ. ಶೇಂಗಾ ಬೆಣ್ಣೆಯ ಉಂಡೆ ಕಟ್ಟಿ, ನೆತ್ತಿಯಲ್ಲಿ ಕಾಸಿನಗಲ ಜಾಗ ಬಿಟ್ಟು ಉಳಿದುದನ್ನೆಲ್ಲ ಚಾಕೊಲೇಟಿನಲ್ಲಿ ಅದ್ದುತ್ತಾರೆ. ಕಂದು ಮೈ, ತಿಳಿವರ್ಣದ ಕಣ್ಣು. ಥೇಟ್ ಬಕ್‌ಐ ಬೀಜವೇ. ಕ್ರಿಸ್‌ಮಸ್ಸಿನ ದಿನಗಳಲ್ಲಿ ಇದನ್ನು ಮಾಡಿ ಡಬ್ಬಿಗಳಲ್ಲಿ ತುಂಬಿ ನೆರೆಹೊರೆಗೆ ಹಂಚುವುದು ಅಲ್ಲಿನ ಅನೇಕ ಮನೆಗಳ ವಾಡಿಕೆ. ನಮ್ಮ ಬಡಗಣ ಸೀಮೆಯಲ್ಲಿ ನಾಗರಪಂಚಮಿಗೆ ಉಂಡಿ ಕಟ್ಟಿ ಓಣಿಯ ಮನೆಗಳಿಗೆಲ್ಲ ಬೀರುವಂತೆಯೇ ಇದೂ ಒಂದು.

ನಮ್ಮ ಸೊಸೆ ಈ ಸಿಹಿಯನ್ನು ಆರಿಸಿಕೊಂಡುದಕ್ಕೆ ಕಾರಣವಿತ್ತು. ಹಬ್ಬದಲ್ಲಿ ನೆರೆಯವರು ತಂದುಕೊಡುವ ಬಿಸ್ಕತ್ತು, ಕೇಕುಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ; ಕೆಲವು ಮಿಠಾಯಿಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್ ಇರುತ್ತದೆ. ಲಿಂಗವಂತರ ಮನೆಯಲ್ಲಿ ಅವು ಒಳಗೆ ಹೋಗುವಂತಿಲ್ಲ. ಪ್ರೀತಿಯಿಂದ ಕೊಟ್ಟುದನ್ನು ನಗುಮುಖದಿಂದ ಸ್ವೀಕರಿಸಿ, ಅದನ್ನು ತಿನ್ನುವ ಮತ್ತಾರಿಗೋ ದಾಟಿಸುವಾಗ ಆಕೆಗೆ ಪ್ರತಿವರ್ಷವೂ ಸಂಕೋಚ. ಬಕ್‌ಐ ಉಂಡೆಗೆ ಮೊಟ್ಟೆಯೂ ಬೇಡ, ಜೆಲಟಿನ್ನೂ ಬೇಡ. “ಇದಾದರೆ ಅವರೂ ತಿನ್ನುತ್ತಾರೆ, ನಾವೂ ತಿನ್ನುತ್ತೇವೆ, ಮಾವನವರೆ” ಎಂದಳು. ಪರಿಮಳಕ್ಕೆ ಹಾಕುವ ವೆನಿಲಾ ದ್ರಾವಣದಲ್ಲಿ ಮದ್ಯಸಾರ ಶೇಕಡಾ ೩೫ಕ್ಕೆ ಕಡಿಮೆಯಿರಬಾರದೆಂಬುದು ಆ ದೇಶದ ನಿಯಮ. ಆದುದರಿಂದ ಆಕೆ ಅದನ್ನು ಬಿಟ್ಟು ಏಲಕ್ಕಿಪುಡಿಯನ್ನು ಬಳಸುತ್ತಾಳೆ.

ಮಾಡುವ ಕ್ರಮ ಸರಳ. ಶೇಂಗಾ ಬೆಣ್ಣೆ ೪೦೦ ಗ್ರಾಂ, ಮೆತ್ತಗಾದ ಬೆಣ್ಣೆ ಸುಮಾರು ೧೧೫ ಗ್ರಾಂ, ನುಣ್ಣನೆಯ ಸಕ್ಕರೆಪುಡಿ ೪೦೦ ಗ್ರಾಂ, ಚಿಟಿಕೆ ಉಪ್ಪು. ಇವನ್ನು ನಾದಿ, ಕೈಗೆ ಅಂಟಿದರೆ ಇನ್ನಷ್ಟು ಸಕ್ಕರೆಪುಡಿ ಸೇರಿಸಿ, ದೊಡ್ಡ ನೆಲ್ಲಿಕಾಯಿಯ ಗಾತ್ರದ ಉಂಡೆಗಳನ್ನು ಕಟ್ಟಬೇಕು. ನಲವತ್ತಕ್ಕೆ ಮೇಲೆ ಆಗುತ್ತವೆ. ಅವು ಅರ್ಧ ಗಂಟೆ ಶೀತಪೆಟ್ಟಿಗೆಯಲ್ಲಿ ಗಟ್ಟಿಯಾಗಲಿ. ಅಷ್ಟರಲ್ಲಿ ೪೦೦ ಗ್ರಾಂ ಚಾಕೊಲೇಟನ್ನು ಬೋಗುಣಿಯಲ್ಲಿ ಹಾಕಿ, ಕುದಿನೀರಿನ ಪಾತ್ರೆಯ ಮೇಲಿಟ್ಟು ಆವಿಯಲ್ಲಿಯೇ ಕರಗಿಸಬೇಕು. ಒಂದು ಹನಿ ನೀರು ಬಿದ್ದರೂ ಚಾಕೊಲೇಟು ಗಂಟುಗಟ್ಟುತ್ತದೆ. ಉಂಡೆಗೆ ಸಣ್ಣ ಕಡ್ಡಿ ಚುಚ್ಚಿ, ಅದ್ದಿ, ತೊಟ್ಟಿಕ್ಕುವುದು ನಿಂತ ಮೇಲೆ ಕಾಗದದ ಮೇಲಿಟ್ಟು, ಕಡ್ಡಿಯ ತೂತನ್ನು ಬೆರಳಿನಿಂದ ಸವರಿ ಮುಚ್ಚಿದರೆ ಕಣ್ಣು ತೆರೆಯಿತು. ಶೇಂಗಾ ಬೆಣ್ಣೆ ದೊರೆಯದ ಊರಿನಲ್ಲಿ ಶೇಂಗಾ ಹುರಿದು, ಸಿಪ್ಪೆ ತೆಗೆದು, ಎಣ್ಣೆಬಿಟ್ಟು ಬೆಣ್ಣೆಯಂತಾಗುವವರೆಗೆ ಮಿಕ್ಸರಿನಲ್ಲಿ ರುಬ್ಬಿದರಾಯಿತು.

ಶೇಂಗಾ ಬೆಣ್ಣೆಯ ಕಥೆಯೂ ನಮ್ಮವರಿಗೆ ಹಿತವೆನಿಸುವಂಥದು. ೧೮೮೪ರಲ್ಲಿ ಕೆನಡಾದ ಮಾರ್ಸೆಲಸ್ ಗಿಲ್ಮೋರ್ ಎಡ್ಸನ್ ಎಂಬವರು ಶೇಂಗಾದ ಲೇಪನಕ್ಕೆ ಹಕ್ಕುಪತ್ರ ಪಡೆದರು. ಮುಂದಿನ ದಶಕದಲ್ಲಿ ಒಹಾಯೊದ ನೆರೆರಾಜ್ಯವಾದ ಮಿಶಿಗನ್ನಿನ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದಲ್ಲಿ ಡಾ. ಜಾನ್ ಹಾರ್ವೆ ಕೆಲಾಗ್ ಅವರು ಮಾಂಸಕ್ಕೆ ಬದಲಾಗಿ ಇಂಥ ಬೆಣ್ಣೆಗಳನ್ನು ಬಳಕೆಗೆ ತಂದರು. ಅವರು ಶಾಕಾಹಾರದ ನಿಷ್ಠಾವಂತ ಪ್ರಚಾರಕರಾಗಿದ್ದರು.

ಉಂಡೆಗಳು ಸಿದ್ಧವಾದ ಸಂಜೆ ನನಗೆ ಹುಮ್ಮಸ್ಸು ಬಂದಿತು. ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಬೆಳೆದವನಿಗೆ ಹಂಚುವ ಕೆಲಸವೆಂದರೆ ಕೈಗೆ ರೂಢಿ. ಡಬ್ಬಿ ತುಂಬಿಕೊಂಡೆ, ಉಣ್ಣೆಯ ಟೋಪಿ ಹಾಕಿಕೊಂಡೆ, ಎಡಬದಿಯ ಮನೆಗೆ ನಾನೇ ಕೊಟ್ಟು ಬರುವೆನೆಂದು ಬಾಗಿಲಿಗೆ ನಡೆದೆ. ಆ ಮನೆಯ ಆರು ವರ್ಷದ ಹುಡುಗ ದಿನವೂ ಕಿಟಕಿಯಿಂದ ನನಗೆ ಕೈಬೀಸುತ್ತಿದ್ದನು. ಅಷ್ಟರಲ್ಲಿ ಹತ್ತು ವರ್ಷದ ಮೊಮ್ಮಗಳು ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

“ಅಜ್ಜಾ, ಆ ಮನೀಗೆ ಬ್ಯಾಡ. ಅವಗ ಶೇಂಗಾ ಆಗೂದಿಲ್ಲ.”

ಮಗುವಿಗೆ ಸೇರದಿದ್ದರೆ ಹಿರಿಯರು ತಿಂದಾರು ಎಂದು ನಾನು ನಕ್ಕೆ. ಆಗ ಸೊಸೆ ಬಂದು ಕೈಯಿಂದ ಡಬ್ಬಿಯನ್ನು ತೆಗೆದುಕೊಂಡು ತಿಳಿಹೇಳಿದಳು. ಕೆಲವು ಮಕ್ಕಳ ದೇಹ ಶೇಂಗಾವನ್ನು ಶತ್ರುವೆಂದೇ ಎಣಿಸುತ್ತದೆ. ಒಂದು ಚೂರು ನಾಲಗೆಗೆ ತಾಗಿದರೂ ಮೈ ದದ್ದೇಳಬಹುದು, ಗಂಟಲು ಬಾತು ಉಸಿರು ಕಟ್ಟಬಹುದು, ಪ್ರಾಣವೇ ಹೋಗಬಹುದು. ಅದಕ್ಕಾಗಿ ಆ ತಾಯಿ ಎಪಿನೆಫ್ರಿನ್ ಚುಚ್ಚುಮದ್ದನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುತ್ತಾಳೆ. ಶೇಂಗಾ ಬೆರೆತ ಆಹಾರದ ಪೊಟ್ಟಣದ ಮೇಲೆ ಅದನ್ನು ಸ್ಪಷ್ಟವಾಗಿ ನಮೂದಿಸಬೇಕೆಂದು ೨೦೦೪ರಲ್ಲಿ ಅಲ್ಲಿ ಕಾನೂನೇ ಆಗಿದೆ.

ನಾನು ಟೋಪಿ ತೆಗೆದು ಕುಳಿತುಬಿಟ್ಟೆನು. ಮರದ ಬೀಜ ವಿಷವೆಂದು ತಿಳಿದು ಅಚ್ಚರಿಪಟ್ಟಿದ್ದ ನಾನು, ನನ್ನ ಕೈಯೊಳಗಿನ ಸಿಹಿಯೇ ಒಂದು ಮಗುವಿಗೆ ವಿಷವೆಂಬುದನ್ನು ಅರಿಯದೆ ಹೊರಟಿದ್ದೆನು. ಪ್ರಸಾದನಿಲಯದ ದಿನಗಳು ನೆನಪಾದವು. ಪಂಕ್ತಿಯಲ್ಲಿ ಬಡಿಸಲು ನಿಂತ ನಮಗೆ ಅಡಿಗೆಮನೆಯ ಹಿರಿಯರು, ಬಡಿಸುವವನ ಕಣ್ಣು ಕೈಯೊಳಗಿನ ಸೌಟಿನ ಮೇಲಲ್ಲ, ಉಣ್ಣುವವನ ಮೇಲಿರಬೇಕು ಎಂದು ಗದರುತ್ತಿದ್ದರು. ಜ್ವರದಲ್ಲಿದ್ದ ಹುಡುಗನಿಗೆ ಬೇರೆ ಗಂಜಿ ಬರುತ್ತಿತ್ತು. ದಾಸೋಹದ ಮೇಲೆ ಅರ್ಧಶತಮಾನ ಉಪನ್ಯಾಸ ಮಾಡಿದವನಿಗೆ ಆ ಪಾಠ ಮರೆತಿತ್ತು; ಹತ್ತು ವರ್ಷದ ಕೂಸಿಗೆ ಗೊತ್ತಿತ್ತು.

ಹಾಗಾದರೆ ಆ ಮನೆಗೆ ಏನೂ ಬೇಡವೇ ಎಂದು ಕೇಳಿದೆ. ಊರೆಲ್ಲ ಸಿಹಿ ಹಂಚಿ ಒಂದು ಮನೆಯನ್ನು ಬಿಡುವುದು ಯಾವ ಹಬ್ಬ? ಸೊಸೆ ಉಪಾಯ ಹೇಳಿದಳು: ಶೇಂಗಾದ ಬದಲು ಸೂರ್ಯಕಾಂತಿ ಬೀಜದ ಬೆಣ್ಣೆ. ನಮ್ಮ ಎರೆಹೊಲಗಳಲ್ಲಿ ಬೆಳೆಯುವ ಶೇಂಗಾದ ತವರು ದಕ್ಷಿಣ ಅಮೆರಿಕ, ಸೂರ್ಯಕಾಂತಿಯ ತವರು ಉತ್ತರ ಅಮೆರಿಕ ಎಂಬುದನ್ನು ಓದಿದ್ದೆ. ಅದರ ತವರಿನಲ್ಲೇ ಅದು ನಮ್ಮ ಮಾನ ಕಾಯಿತು.

ಮರುದಿನ ಆಕೆ ಮೊದಲು ನೆರೆಯ ತಾಯಿಗೆ ಫೋನು ಮಾಡಿ, ಶೇಂಗಾ ಬಳಸಿದ ಅಡಿಗೆಮನೆಯೆಂಬುದನ್ನೂ ಮುಚ್ಚಿಡದೆ ಹೇಳಿದಳು. ಆಕೆ ತಾನೇ ಬಂದು ಬೀಜದ ಬೆಣ್ಣೆಯ ಡಬ್ಬಿ, ಚಾಕೊಲೇಟಿನ ಪೊಟ್ಟಣ ಎಲ್ಲದರ ಚೀಟಿಯನ್ನೂ ಓದಿದಳು. ನಮ್ಮ ಚಾಕೊಲೇಟಿನ ಮೇಲೆ ಶೇಂಗಾದ ಅಂಶವಿರಬಹುದೆಂಬ ಎಚ್ಚರಿಕೆ ಇತ್ತು, ಅದು ಬೇಡವೆಂದಳು. ಬಳಿಕ ಆಕೆಯ ಸೂಚನೆಯಂತೆ ಆಕೆಯ ಮನೆಯಲ್ಲೇ, ಆಕೆಯ ಪಾತ್ರೆಗಳಲ್ಲೇ ಮಾಡುವುದೆಂದು ನಿಶ್ಚಯವಾಯಿತು. ನಾವು ಕೈತೊಳೆದು, ಶುಭ್ರವಾದ ಬಟ್ಟೆಯುಟ್ಟು ಹೋದೆವು. ಮಡಿಯೆಂಬುದಕ್ಕೆ ನಾನು ಒಪ್ಪುವ ಅರ್ಥ ಸಿಕ್ಕಿದ್ದು ಅಂದು.

ಉಂಡೆ ಕಟ್ಟಿದವರು ನಾನು ಮತ್ತು ಆ ಹುಡುಗ. ಒಹಾಯೊದಲ್ಲೇ ಹುಟ್ಟಿ ಬೆಳೆದರೂ ಅವನು ಅದುವರೆಗೆ ಬಕ್‌ಐ ಸಿಹಿಯನ್ನು ತಿಂದಿರಲಿಲ್ಲವೆಂದು ತಾಯಿ ಹೇಳಿದಳು. ಅವನು ಮೊದಲನೆಯದನ್ನು ಬಾಯಿಗಿಟ್ಟುಕೊಂಡಾಗ ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. ನಾನೂ ನೋಡಿದೆನು. ಅವನು ಅಗಿದು, ನುಂಗಿ, ಇನ್ನೊಂದಕ್ಕೆ ಕೈಚಾಚಿದನು.

ಪದಾರ್ಥವು ಪ್ರಸಾದವಾಗುವ ಬಗೆಯನ್ನು ಶರಣರು ಹಲವು ಪರಿಯಲ್ಲಿ ತಿಳಿಸಿದ್ದಾರೆ. ಅರ್ಪಿಸುವ ಮುನ್ನ ಅರಿಯಬೇಕು ಎಂಬುದು ಅವೆಲ್ಲದರ ತಿರುಳೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಹಬ್ಬದ ದಿನಗಳಲ್ಲಿ ಉಂಡಿ ಬೀರಲು ಹೊರಡುವ ತಾಯಂದಿರು, ತಟ್ಟೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಆ ಮನೆಯಲ್ಲಿ ಯಾರಿಗೆ ಏನು ಆಗದೆಂದು ಒಮ್ಮೆ ಕೇಳಲಿ. ಅಷ್ಟಾದರೆ ಕೊಲಂಬಸ್ಸಿನ ಚಳಿಯಲ್ಲಿ ನಾನು ಕಲಿತುದು ಊರಿಗೂ ಮುಟ್ಟಿದಂತಾಯಿತು.