ಎರಡನೆಯ ಸರ್ವರ್ ಖಾಲಿಯಾಗುವ ರಾತ್ರಿ

ರಾತ್ರಿ ಎರಡು ಗಂಟೆ. ನೀವು ಬೆಂಗಳೂರಿನ ಮೊಬೈಲ್ ಸ್ವಿಚ್ ಕೋಣೆಯೊಂದರಲ್ಲಿ ನಿಂತಿದ್ದೀರಿ. ಎಸಿಯ ಚಳಿ ಪಾದದಿಂದ ಏರುತ್ತಿದೆ. ಫ್ಯಾನುಗಳ ಮೊರೆತದಲ್ಲಿ ಪಕ್ಕದವರ ಮಾತೂ ಕೇಳಿಸದು. ಎದುರಿಗಿರುವ, ಕರೆಗಳನ್ನು ನಿಯಂತ್ರಿಸುವ ಮೂರು ಎಂಎಸ್‌ಸಿ ಸರ್ವರ್‌ಗಳು ಒಂದೇ ಪೂಲ್‌ಗೆ, ಅಂದರೆ ಒಂದೇ ಪ್ರದೇಶವನ್ನು ಹಂಚಿಕೊಂಡು ನೋಡಿಕೊಳ್ಳುವ ಗುಂಪಿಗೆ ಸೇರಿದವು. ಎರಡನೆಯದಕ್ಕೆ ಈಗ ಹೊಸ ಸಾಫ್ಟ್‌ವೇರ್ ಬೀಳಬೇಕು. ಅದಕ್ಕೆ ಮೊದಲು ಅದರ ಸುಪರ್ದಿಯಲ್ಲಿರುವ ಫೋನುಗಳೆಲ್ಲ ಉಳಿದೆರಡಕ್ಕೆ ದಾಟಬೇಕು, ಒಂದು ಕರೆಯೂ ಕಡಿಯದಂತೆ.

ಹಿಂದೆ ಒಂದೊಂದು ಎಂಎಸ್‌ಸಿಗೂ ಅದರದೇ ಪ್ರದೇಶವಿತ್ತು. ಅದು ನಿಂತರೆ ಆ ಭಾಗದ ಫೋನುಗಳೆಲ್ಲ ಮೂಕ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿಯ 5ನೇ ಬಿಡುಗಡೆ ಆ ಬೇಲಿಯನ್ನು ಕಿತ್ತಿತು: ಟವರ್‌ಗಳನ್ನು ನಿಯಂತ್ರಿಸುವ ಒಂದು ಬಿಎಸ್‌ಸಿ ಪೂಲ್‌ನ ಎಲ್ಲ ಸರ್ವರ್‌ಗಳ ಜೊತೆಗೂ ಮಾತಾಡಬಹುದಾಯಿತು.

ಅದೇ ಹೊತ್ತಿಗೆ ಕೋಲಾರದ ಟೊಮೆಟೊ ಹೇರಿಕೊಂಡ ಟೆಂಪೊವೊಂದು ಹೊಸಕೋಟೆ ದಾಟಿ ಕೆ.ಆರ್. ಮಾರುಕಟ್ಟೆಯತ್ತ ಬರುತ್ತಿದೆ ಎನ್ನಿ. ಚಾಲಕನ ಜೇಬಿನಲ್ಲಿ ಕೀಪ್ಯಾಡ್ ಫೋನು. ದಾರಿಯುದ್ದಕ್ಕೂ ಟವರ್ ಬದಲಾಗುತ್ತದೆ, ಬಿಎಸ್‌ಸಿಯೂ ಬದಲಾಗುತ್ತದೆ. ಸರ್ವರ್ ಮಾತ್ರ ಎರಡನೆಯದೇ. ಜಾಲ ಫೋನಿಗೆ ಕೊಟ್ಟ 32 ಬಿಟ್‌ಗಳ ತಾತ್ಕಾಲಿಕ ಗುರುತಿನೊಳಗೇ, ಅಂದರೆ ಟಿಎಂಎಸ್‌ಐನೊಳಗೇ, ಸರ್ವರ್‌ನ ಸಂಖ್ಯೆ ಅಡಗಿದೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ನಿನ ಹಾಗೆ: ಯಾವ ಕೌಂಟರಿನದೆಂಬುದು ಬಂದವರ ಕೈಯಲ್ಲೇ ಇರುತ್ತದೆ. ಬಿಎಸ್‌ಸಿ ಅದನ್ನು ಓದಿ ದಾರಿ ತೋರಿಸುತ್ತದೆ.

ಎರಡನೆಯ ಸರ್ವರ್ ಖಾಲಿ ಮಾಡುವ ಆಫ್‌ಲೋಡ್ ಶುರುವಾಗಿ ಗಂಟೆಗಳಾಗಿವೆ. ತಾನಿರುವ ಪ್ರದೇಶ ತಿಳಿಸುವ ಲೊಕೇಶನ್ ಅಪ್‌ಡೇಟ್‌ಗೆ ಬಂದ ಪ್ರತಿ ಫೋನಿಗೂ ಎರಡನೆಯ ಸರ್ವರ್ ಹೊಸ ಟಿಎಂಎಸ್‌ಐ ಕೊಡುತ್ತಿದೆ. ಈ ಸಲ ಅದರಲ್ಲಿರುವುದು ಯಾರಿಗೂ ಸೇರದ ಸಂಖ್ಯೆ. ಜೊತೆಗೆ, ಯಾವ ಟವರೂ ಪ್ರಸಾರ ಮಾಡದ ಒಂದು ಪ್ರದೇಶ ಸಂಕೇತ. 'ಇದು ನನ್ನ ಜಾಗವಲ್ಲ' ಎಂದು ಫೋನು ಕೂಡಲೇ ಮತ್ತೆ ಅಪ್‌ಡೇಟ್ ಕೇಳುತ್ತದೆ. ಬಿಎಸ್‌ಸಿ ಅದನ್ನು ಒಂದನೆಯದಕ್ಕೋ ಮೂರನೆಯದಕ್ಕೋ ಒಪ್ಪಿಸುತ್ತದೆ. ಹೊಸ ಸರ್ವರ್ ಅದೇ ಸಂಕೇತ ಹಿಡಿದು ಹಳೆಯದರಿಂದ ವಿವರ ತರಿಸಿಕೊಳ್ಳುತ್ತದೆ.

ಪರದೆಯ ಮೇಲಿನ ಅಂಕಿ ಇಳಿಯುತ್ತಿದೆ, ನಿಧಾನಕ್ಕೆ. ಅಲುಗಾಡದೆ ಕುಳಿತ ಫೋನು ಅಪ್‌ಡೇಟ್‌ಗೆ ಬರುವುದು ತನ್ನ ಟೈಮರ್ ಮುಗಿದಾಗಲೇ. ಎಂಜಿನಿಯರ್ ಕಾಯುತ್ತಾರೆ. ನಮ್ಮ ಚಾಲಕ ಮಂಡಿಯವರೊಡನೆ ಫೋನಿನಲ್ಲಿ ಮಾತಿಗಿಳಿದಿದ್ದಾನೆ. ಅವನ ದನಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ದನಿ ಸಾಗಿಸುವ ಮೀಡಿಯಾ ಗೇಟ್‌ವೇ ಮೂಲಕ ಹರಿಯುತ್ತಿದೆ, ನಿಯಂತ್ರಣ ಇನ್ನೂ ಎರಡನೆಯ ಸರ್ವರ್‌ನದೇ. ಮಾತು ಮುಗಿಯುವವರೆಗೆ ಅವನನ್ನು ಯಾರೂ ಮುಟ್ಟುವುದಿಲ್ಲ.

ಅವಸರವೇಕಿಲ್ಲ ಎಂಬುದು ಈಗ ನಿಮಗೆ ಹೊಳೆಯುತ್ತದೆ. ಇದೇ ಸರ್ವರ್ ಹಠಾತ್ತನೆ ಸತ್ತಿದ್ದರೆ, ತಾವಾಗಿ ಕರೆ ಮಾಡುವ ಫೋನುಗಳನ್ನು ಬಿಎಸ್‌ಸಿ ಬೇರೆ ಸರ್ವರ್‌ಗೆ ಸೇರಿಸುತ್ತಿತ್ತು. ಜೇಬಿನಲ್ಲಿ ಸುಮ್ಮನಿರುವ ಫೋನಿಗೆ ಬರುವ ಕರೆಯ ಗತಿ ಬೇರೆ: ಯಾವ ಫೋನು ಯಾವ ಸರ್ವರ್‌ನಲ್ಲಿದೆ ಎಂದು ಬರೆದಿಡುವ ಎಚ್‌ಎಲ್‌ಆರ್‌ನ ದಾಖಲೆ ಇನ್ನೂ ಸತ್ತ ಸರ್ವರ್‌ನತ್ತಲೇ ಬೊಟ್ಟು ಮಾಡುತ್ತದೆ. ಊರಿನಿಂದ ಅಮ್ಮ ಕರೆ ಮಾಡಿದರೆ ಮಗನ ಫೋನು ರಿಂಗಾಗದೆ ಹೋಗಬಹುದು. ಆ ಕೊರತೆ ತುಂಬಲು ಮಾನದಂಡಕ್ಕೇ ಮುಂದೆ ಹೊಸ ವಿಧಾನಗಳನ್ನು ಸೇರಿಸಬೇಕಾಯಿತು.

ಮೂರು ಯಂತ್ರ ಕೊಂಡು ಜೋಡಿಸುವುದು ದುಡ್ಡಿನ ಕೆಲಸ. ಪ್ರತಿ ಫೋನಿನ ಹೊಣೆಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಲೋಪವಿಲ್ಲದೆ ಒಪ್ಪಿಸುವುದು ತಾಳ್ಮೆಯ ಕೆಲಸ. ಜಾಲವನ್ನು ನಂಬಿ ಮಲಗಿರುವ ಊರಿಗೆ ಬೇಕಾದದ್ದು ಆ ತಾಳ್ಮೆ.